ಧೂಪ, ಗಂಧ, ಲವಂಗ: ಹೊಗೆಗಂಪಿನ ಸುಗಂಧಗಳನ್ನು ಹಚ್ಚಿಕೊಳ್ಳುವುದು ಹೇಗೆ?

ನಿಂಬೆ, ಕಿತ್ತಳೆ, ಪುದೀನಗಳ ಪರಿಮಳವಿರುವ ಸೆಂಟನ್ನು ಸ್ವಲ್ಪ ಹೆಚ್ಚು ಹಾಕಿಕೊಂಡರೂ ತೊಂದರೆಯಿಲ್ಲ, ಮನೆಯಿಂದ ಹೊರಟು ಬಸ್‌ ಹತ್ತುವಷ್ಟರಲ್ಲಿ ಅದರ ಅರ್ಧ ಭಾಗ ಆರಿಹೋಗಿರುತ್ತದೆ. ಸಾಂಬ್ರಾಣಿ, ಊದ್ (ಅಗರು), ಶ್ರೀಗಂಧ, ದೇವದಾರು, ಲವಂಗಗಳನ್ನು ಆಧರಿಸಿ ತಯಾರಿಸಿದ ಸುಗಂಧಗಳ ಸ್ವಭಾವ ಹಾಗಲ್ಲ. ಇವುಗಳ ಮುಖ್ಯ ಅಂಶಗಳು ನಿಧಾನವಾಗಿ ಆವಿಯಾಗುವಂಥವು. ಹಚ್ಚಿದ ಕೂಡಲೇ ತಮ್ಮ ನಿಜವಾದ ಪರಿಮಳವನ್ನು ಬಿಟ್ಟುಕೊಡುವುದಿಲ್ಲ, ಒಮ್ಮೆ ಬಿಟ್ಟುಕೊಡಲು ಆರಂಭಿಸಿದರೆ ಸಂಜೆಯವರೆಗೂ ನಿಲ್ಲಿಸುವುದಿಲ್ಲ, ಬಟ್ಟೆಗೆ ತಾಗಿದರೆ ಮರುದಿನವೂ ಉಳಿಯುತ್ತವೆ. ಇಂಥ ಸುಗಂಧ ತಲೆನೋವು ತರುತ್ತದೆ ಎಂದು ದೂರುವವರಲ್ಲಿ ಅನೇಕರು ಅದನ್ನು ಬೇಕಾದುದಕ್ಕಿಂತ ಮೂರು ನಾಲ್ಕು ಪಟ್ಟು ಹೆಚ್ಚು ಹಾಕಿಕೊಂಡವರು, ಇಲ್ಲವೇ ಹಾಗೆ ಹಾಕಿಕೊಂಡವರ ಪಕ್ಕದಲ್ಲಿ ಕುಳಿತವರು. ಕಡಿಮೆ ಹಚ್ಚಿಕೊಂಡು ಹೆಚ್ಚು ಕಾಯಬೇಕು ಎಂಬುದೇ ಈ ಬಗೆಯ ಸುಗಂಧಗಳ ಮೂಲ ನಿಯಮ, ಮುಂದಿನ ಎಲ್ಲ ಸೂಚನೆಗಳೂ ಅದರಿಂದಲೇ ಹುಟ್ಟಿದವು.

ಮೊದಲು ಬಾಟಲಿಯೊಳಗೆ ಏನಿದೆ ಎಂಬುದನ್ನು ತಿಳಿಯಿರಿ

ದೇವರ ಮನೆಯಲ್ಲಿ ಕೆಂಡದ ಮೇಲೆ ಹಾಕಿದ ಧೂಪದ ವಾಸನೆ ಬೇರೆ, ಅದೇ ಅಂಟನ್ನು ಬಟ್ಟಿ ಇಳಿಸಿ ತೆಗೆದ ಎಣ್ಣೆಯ ವಾಸನೆ ಬೇರೆ. ಒಮಾನ್ ದೇಶದ ದೋಫಾರ್ ಪ್ರಾಂತ್ಯದಲ್ಲಿ ಬೆಳೆಯುವ ಫ್ರಾಂಕಿನ್ಸೆನ್ಸ್ ಮರದ ಅಂಟಿನಿಂದ ತೆಗೆದ ಎಣ್ಣೆಯನ್ನು ಮೂಸಿದರೆ ಹೊಗೆಯ ಸುಳಿವೇ ಇರುವುದಿಲ್ಲ. ನಿಂಬೆಸಿಪ್ಪೆ, ಮೆಣಸು ಮತ್ತು ಪೈನ್ ಎಲೆಗಳ ತಂಪಾದ ವಾಸನೆಯಷ್ಟೇ ಸಿಗುತ್ತದೆ. ನಮ್ಮ ಸಾಂಬ್ರಾಣಿಯಲ್ಲಿ ವೆನಿಲ್ಲಾದ ಪರಿಮಳ ಕೊಡುವ ವೆನಿಲಿನ್ ಅಂಶ ಇರುವುದರಿಂದ ಅದು ಸಿಹಿಯಾಗಿ, ಮೃದುವಾಗಿ ಹರಡುತ್ತದೆ. ಕರಿಮೆಣಸಿನ ಎಣ್ಣೆಯಲ್ಲಿ ಮೆಣಸಿನ ಗಮಲೆಲ್ಲ ಇರುತ್ತದೆ, ಖಾರ ಇರುವುದಿಲ್ಲ, ಏಕೆಂದರೆ ಖಾರಕ್ಕೆ ಕಾರಣವಾದ ಪೈಪರೀನ್ ಹಬೆಯೊಂದಿಗೆ ಮೇಲೇರಿ ಬರುವುದಿಲ್ಲ. ಹಾಗಾದರೆ ಸುಗಂಧಕ್ಕೆ ಹೊಗೆಯ ವಾಸನೆ ಬರುವುದು ಎಲ್ಲಿಂದ? ಯುರೋಪಿನ ತಯಾರಕರು ಬರ್ಚ್ ಮರದ ತೊಗಟೆಯನ್ನೋ ಜೂನಿಪರ್ ಮರವನ್ನೋ ಗಾಳಿಯಾಡದಂತೆ ಕಾಯಿಸಿ, ಇಳಿದು ಬರುವ ಡಾಂಬರಿನಂಥ ಎಣ್ಣೆಯನ್ನು ಶುದ್ಧಗೊಳಿಸಿ ಹನಿಯಷ್ಟು ಬಳಸುತ್ತಾರೆ. ಉತ್ತರ ಪ್ರದೇಶದ ಕನೌಜ್‌ನಲ್ಲಿ ಲೋಬಾನ ಮತ್ತು ರಾಳವನ್ನು ಮಡಕೆಯಲ್ಲಿಟ್ಟು ನೀರಿಲ್ಲದೆ ಬೆಂಕಿಯಿಂದಲೇ ಬಟ್ಟಿ ಇಳಿಸುವ ಹಳೆಯ ಪದ್ಧತಿಯಿದೆ, ಹೀಗೆ ಸಿಗುವ ಎಣ್ಣೆಗೆ ಚೋಯಾ ಎನ್ನುತ್ತಾರೆ. ಲಾವಂಚದ ಬೇರಿನಲ್ಲಂತೂ ಮಣ್ಣಿನ ಗಂಧದ ಜೊತೆಗೆ ತೆಳುವಾದ ಹೊಗೆಯೂ ಹುಟ್ಟಿನಿಂದಲೇ ಇದೆ.

ಶ್ರೀಗಂಧ ಮತ್ತು ಊದ್ ಬಗ್ಗೆ ಕೊಳ್ಳುವವರು ಸ್ವಲ್ಪ ಹೆಚ್ಚೇ ತಿಳಿದಿರಬೇಕು. ಮೊದಲ ಮಹಾಯುದ್ಧದ ಕಾಲದಲ್ಲಿ ಗಂಧದ ಮರ ಹೊರದೇಶಕ್ಕೆ ಹೋಗುವುದು ನಿಂತಾಗ ಮೈಸೂರು ಸಂಸ್ಥಾನ 1916ರಲ್ಲಿ ತಾನೇ ಎಣ್ಣೆ ಬಟ್ಟಿ ಇಳಿಸಲು ಆರಂಭಿಸಿತು. ಮೈಸೂರಿನ ಗಂಧದೆಣ್ಣೆಯ ಹೆಸರು ಜಗತ್ತಿನ ಸುಗಂಧ ಕಾರ್ಖಾನೆಗಳನ್ನು ಮುಟ್ಟಿದ್ದು ಹಾಗೆ. ಈ ಎಣ್ಣೆಗಿರುವ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಅದರಲ್ಲಿ ಎಣ್ಣೆಯ ಮುಖ್ಯ ಅಂಶವಾದ ಆಲ್ಫಾ ಸ್ಯಾಂಟಲಾಲ್ ಶೇ 41ರಿಂದ 55ರಷ್ಟು ಇರಬೇಕು. ಊದ್ ಎಂಬುದು ಅಸ್ಸಾಂ ಮತ್ತು ಆಗ್ನೇಯ ಏಷ್ಯಾದ ಅಗರು ಮರದ ತಿರುಳು. ಗಾಯಗೊಂಡ ಮರಕ್ಕೆ ಶಿಲೀಂಧ್ರ ತಗುಲಿದಾಗ, ಅದನ್ನು ತಡೆಯಲು ಮರ ಸ್ರವಿಸುವ ಕಪ್ಪು ರಾಳವೇ ಈ ಪರಿಮಳದ ಮೂಲ. ಅತಿಯಾಗಿ ಕಡಿದುದರಿಂದ ಅಸ್ಸಾಮಿನ ಅಗರು ಜಾತಿಯ ಅಂತರರಾಷ್ಟ್ರೀಯ ವ್ಯಾಪಾರ 1995ರಿಂದ ನಿಯಂತ್ರಣಕ್ಕೆ ಒಳಪಟ್ಟಿದೆ. ಆದ್ದರಿಂದ ಕೆಲವೇ ನೂರು ರೂಪಾಯಿಯ ಬಾಟಲಿಯ ಮೇಲೆ ‘ಅಪ್ಪಟ ಊದ್’ ಎಂದೋ ‘ಶುದ್ಧ ಚಂದನ’ ಎಂದೋ ಬರೆದಿದ್ದರೆ ಅದನ್ನು ನಂಬುವಂತಿಲ್ಲ. ಹಾಗೆಂದು ಪ್ರಯೋಗಾಲಯದಲ್ಲಿ ತಯಾರಾದ ಗಂಧದ ಅಂಶಗಳನ್ನು ತಿರಸ್ಕರಿಸಬೇಕಾಗಿಲ್ಲ. ಅವುಗಳಲ್ಲಿ ಸೊಗಸಾದವು ಇವೆ, ಕಾಡಿನ ಮೇಲಿನ ಹೊರೆಯನ್ನೂ ಅವು ಇಳಿಸುತ್ತವೆ.

ಕೊಳ್ಳುವಾಗ ಅವಸರ ಬೇಡ

ಈ ಬಗೆಯ ಸುಗಂಧಕ್ಕೆ ಹೊಸಬರಾದವರು ನೇರವಾಗಿ ಊದ್ ಅಥವಾ ಡಾಂಬರಿನಂಥ ಹೊಗೆಯಿಂದ ಆರಂಭಿಸುವುದು ಸರಿಯಲ್ಲ. ಶ್ರೀಗಂಧ ಇಲ್ಲವೇ ಲಾವಂಚ ಪ್ರಧಾನವಾಗಿರುವುದನ್ನು ಮೊದಲು ಬಳಸಿ ನೋಡಿ, ಅನಂತರ ಸಾಂಬ್ರಾಣಿಯ ಸಿಹಿಗೆ, ಆಮೇಲೆ ಮಸಾಲೆಗೆ, ಕೊನೆಗೆ ಊದ್ ಮತ್ತು ಹೊಗೆಯ ಕಡೆಗೆ ಹೋಗುವುದು ಮೂಗಿಗೂ ಹಣದ ಚೀಲಕ್ಕೂ ಒಳ್ಳೆಯದು. ಅತ್ತರಾದರೆ 3 ಮಿಲಿಯ ಶೀಶೆ ಸಾಕು. ಸ್ಪ್ರೇ ಆದರೆ 2 ಅಥವಾ 5 ಮಿಲಿಯ ಮಾದರಿ ಬಾಟಲಿಗಳು ಈಗ ಸುಲಭವಾಗಿ ಸಿಗುತ್ತವೆ.

ಅಂಗಡಿಯಲ್ಲಿ ಮೊದಲು ಕಾಗದದ ಪಟ್ಟಿಯ ಮೇಲೆ ಮೂಸಿ, ಹಿಡಿಸದವನ್ನು ಅಲ್ಲಿಯೇ ಬಿಟ್ಟುಬಿಡಿ. ಹಿಡಿಸಿದ ಎರಡನ್ನು ಮಾತ್ರ ಚರ್ಮದ ಮೇಲೆ, ಒಂದೊಂದು ಕೈಗೆ ಒಂದೊಂದರಂತೆ ಹಚ್ಚಿಸಿಕೊಂಡು ಹೊರಗೆ ಬನ್ನಿ. ಮೊದಲ ಹತ್ತು ನಿಮಿಷ ಕಾಣಿಸಿಕೊಳ್ಳುವುದು ಏಲಕ್ಕಿ, ಮೆಣಸು, ಕಿತ್ತಳೆಯಂಥ ಹಗುರವಾದ ಅಂಶಗಳು. ಸ್ಪ್ರೇ ಆಗಿದ್ದರೆ ಆಲ್ಕೋಹಾಲಿನ ಕಟು ವಾಸನೆಯೂ ಅದರಲ್ಲಿ ಸೇರಿರುತ್ತದೆ. ಸುಮಾರು ಒಂದು ಗಂಟೆಯ ಹೊತ್ತಿಗೆ ಲವಂಗ, ಚಕ್ಕೆ, ಜಾಯಿಕಾಯಿಗಳು ಇಳಿದು, ಅಂಟು ಮತ್ತು ಮರಗಳು ಮುಂದೆ ಬರುತ್ತವೆ. ನಾಲ್ಕು ಗಂಟೆಯ ನಂತರ ಕೈಯಲ್ಲಿ ಉಳಿದಿರುವ ವಾಸನೆಯೊಂದಿಗೆ ನೀವು ದಿನವಿಡೀ ಬಾಳಬೇಕಾಗಿದೆ, ಆದ್ದರಿಂದ ತೀರ್ಮಾನ ಅದರ ಮೇಲೆಯೇ ಆಗಬೇಕು. ಅಂಗಡಿಯವರು ಎಷ್ಟೇ ಒತ್ತಾಯಿಸಿದರೂ ಹತ್ತು ನಿಮಿಷದಲ್ಲಿ ದುಡ್ಡು ಕೊಟ್ಟು ಬರಬೇಡಿ. ಮೂಗು ದಣಿದಾಗ ಮೂಸಲೆಂದು ಕೊಡುವ ಕಾಫಿ ಬೀಜಕ್ಕಿಂತ ಬಾಗಿಲಾಚೆಯ ಗಾಳಿ, ಇಲ್ಲವೇ ಏನನ್ನೂ ಹಚ್ಚದ ನಿಮ್ಮದೇ ಮೊಣಕೈಯ ವಾಸನೆ ಹೆಚ್ಚು ಉಪಯುಕ್ತ.

ಲವಂಗದಲ್ಲಿರುವ ಯುಜೆನಾಲ್ ಮತ್ತು ದಾಲ್ಚಿನ್ನಿ ತೊಗಟೆಯ ಸಿನಮಾಲ್ಡಿಹೈಡ್ ಕೆಲವರ ಚರ್ಮಕ್ಕೆ ಅಲರ್ಜಿ ಉಂಟುಮಾಡುತ್ತವೆ. ಹೊಸ ಸುಗಂಧವನ್ನು ಮೊಣಕೈಯ ಒಳಬದಿಗೆ ಚುಕ್ಕೆಯಷ್ಟು ಹಚ್ಚಿ, ಒಂದೆರಡು ದಿನ ತುರಿಕೆ, ಕೆಂಪು ಕಾಣಿಸದಿದ್ದರೆ ಮಾತ್ರ ಮುಂದುವರಿಯಿರಿ. ಅಡುಗೆಮನೆಯ ಲವಂಗದೆಣ್ಣೆ, ಅಗರಬತ್ತಿಗೆಂದು ಮಾರುವ ಸುಗಂಧದೆಣ್ಣೆ, ದೀಪಕ್ಕೆ ಹಾಕುವ ಎಣ್ಣೆ ಇವು ಯಾವುವೂ ಮೈಗೆ ಹಚ್ಚಲು ತಯಾರಾದವಲ್ಲ.

ಎಷ್ಟು ಹಚ್ಚಬೇಕು, ಎಲ್ಲಿ ಹಚ್ಚಬೇಕು

ಸ್ನಾನ ಮುಗಿಸಿ ಮೈ ಚೆನ್ನಾಗಿ ಒರೆಸಿಕೊಂಡ ಮೇಲೆ, ಬಟ್ಟೆ ತೊಡುವುದಕ್ಕೆ ಮೊದಲು ಹಚ್ಚಿಕೊಳ್ಳುವುದು ಉತ್ತಮ. ಒಣ ಚರ್ಮದವರು ಆ ಜಾಗಕ್ಕೆ ವಾಸನೆಯಿಲ್ಲದ ಕ್ರೀಮನ್ನು ತೆಳುವಾಗಿ ಸವರಿಕೊಂಡರೆ ಪರಿಮಳ ಹೆಚ್ಚು ಹೊತ್ತು ನಿಲ್ಲುತ್ತದೆ. ಅತ್ತರಿನ ಶೀಶೆಯ ಮುಚ್ಚಳಕ್ಕೆ ಅಂಟಿಕೊಂಡಿರುವ ಗಾಜಿನ ಕಡ್ಡಿಯನ್ನು ಎತ್ತಿ, ಅದರ ತುದಿಯ ಹನಿಯನ್ನು ಶೀಶೆಯ ಬಾಯಿಗೆ ಒರೆಸಿ, ಕಡ್ಡಿಯ ಮೇಲೆ ಉಳಿದ ತೇವವನ್ನಷ್ಟೇ ಚರ್ಮಕ್ಕೆ ಒಂದು ಸಲ ಮುಟ್ಟಿಸಿ. ತೂಗಾಡುವ ಹನಿಯನ್ನು ಹಾಗೆಯೇ ಇಳಿಸಿಕೊಂಡರೆ ಅದು ಇಬ್ಬರಿಗಾಗುವಷ್ಟಾಗುತ್ತದೆ. ಸ್ಪ್ರೇ ಬಾಟಲಿಯ ಮೇಲೆ ಇಡಿಪಿ (ಓ ಡಿ ಪರ್ಫ್ಯೂಮ್) ಎಂದಿದ್ದರೆ ಒಂದು, ಹೆಚ್ಚೆಂದರೆ ಎರಡು ಸಲ ಸಾಕು. ಇಡಿಟಿ (ಓ ಡಿ ಟಾಯ್ಲೆಟ್) ಎಂದಿದ್ದರೆ ಸುಗಂಧದ ಪ್ರಮಾಣ ಕಡಿಮೆಯಿರುವುದರಿಂದ ಇನ್ನೊಂದು ಸಲಕ್ಕೆ ಅವಕಾಶವಿದೆ. ಗೇಣಿನಷ್ಟು ದೂರ ಹಿಡಿದು ಸಿಂಪಡಿಸಿಕೊಳ್ಳಿ.

ಜಾಗದ ವಿಷಯದಲ್ಲಿ ನನ್ನ ಸಲಹೆ ಜಾಹೀರಾತುಗಳು ತೋರಿಸುವುದಕ್ಕಿಂತ ಬೇರೆ. ಕತ್ತಿನ ಮುಂಭಾಗಕ್ಕೆ, ಕಿವಿಯ ಕೆಳಗೆ ಹಚ್ಚಿದರೆ ಪರಿಮಳ ದಿನವಿಡೀ ನಿಮ್ಮದೇ ಮೂಗಿಗೆ ಬಡಿಯುತ್ತದೆ, ತಲೆನೋವು ಶುರುವಾಗುವುದು ಅಲ್ಲಿಂದಲೇ. ಹೊಗೆ ಮತ್ತು ಮರದ ಸುಗಂಧಕ್ಕೆ ಎದೆಯ ನಡುಭಾಗ ಅತ್ಯುತ್ತಮ. ಅಂಗಿಯ, ರವಿಕೆಯ ಒಳಗೆ ಮೈಯ ಬಿಸಿಗೆ ಅದು ನಿಧಾನವಾಗಿ ಬಿಡುಗಡೆಯಾಗಿ, ಬಟ್ಟೆಯ ಮೂಲಕ ಸೋಸಿಕೊಂಡು ಹೊರಗೆ ಬರುತ್ತದೆ. ಕತ್ತಿನ ಹಿಂಭಾಗ ಮತ್ತು ಮೊಣಕೈಯ ಒಳಬದಿಯೂ ಒಳ್ಳೆಯ ಜಾಗಗಳು. ಕೈಯಿಂದ ಊಟ ಮಾಡುವ ನಾವು ಬಲಗೈ ಮಣಿಕಟ್ಟಿಗೆ ಮಾತ್ರ ಹಚ್ಚಲೇಬಾರದು, ತುತ್ತು ಬಾಯಿಗೆ ಬರುವ ಪ್ರತಿ ಸಲವೂ ಸಾರಿನ ಒಗ್ಗರಣೆಗಿಂತ ಮೊದಲು ಊದ್ ಮೂಗಿಗೆ ತಲುಪುತ್ತದೆ. ಮಣಿಕಟ್ಟೇ ಬೇಕೆನ್ನುವವರಿಗೆ ಎಡಗೈ ಇದೆ.

ಅರ್ಧ ಗಂಟೆಯ ನಂತರ ನಿಮಗೆ ಪರಿಮಳ ತಿಳಿಯದೇ ಹೋಗಬಹುದು. ಒಂದೇ ವಾಸನೆಯನ್ನು ನಿರಂತರವಾಗಿ ಗ್ರಹಿಸುತ್ತಿದ್ದರೆ ಮೂಗು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ನಿಲ್ಲಿಸುತ್ತದೆ, ಮೇಲಾಗಿ ಮರದ ಸುಗಂಧಗಳಲ್ಲಿ ಬಳಸುವ ಕೆಲವು ಕೃತಕ ಅಂಶಗಳನ್ನು ಗ್ರಹಿಸುವ ಶಕ್ತಿಯೇ ಕೆಲವರಿಗೆ ಕಡಿಮೆ. ಆರಿಹೋಯಿತೆಂದು ಭಾವಿಸಿ ಮತ್ತೆ ಹಾಕಿಕೊಳ್ಳುವ ಮೊದಲು ಮನೆಯವರನ್ನೋ ಸಹೋದ್ಯೋಗಿಯನ್ನೋ ಕೇಳಿ. ಅವರು ಒಂದು ಮಾರು ದೂರದಿಂದಲೇ ಹೌದೆಂದರೆ, ಮರುದಿನ ಅದಕ್ಕಿಂತಲೂ ಕಡಿಮೆ ಹಚ್ಚಿ.

ಬಟ್ಟೆಗೆ ಹೊಗೆ ಹಿಡಿಸುವ ಕ್ರಮ

ಎಣ್ಣೆಸ್ನಾನದ ನಂತರ ಬಾಣಂತಿಯ ಕೂದಲನ್ನು ಸಾಂಬ್ರಾಣಿ ಹೊಗೆಗೆ ಒಡ್ಡಿ ಆರಿಸುವುದು ನಮ್ಮಲ್ಲಿ ಹಳೆಯ ರೂಢಿ. ಕೊಲ್ಲಿ ರಾಷ್ಟ್ರಗಳಲ್ಲಿ ಊದ್ ಚಕ್ಕೆ ಅಥವಾ ಬಖೂರ್‌ನ (ಸುಗಂಧದೆಣ್ಣೆ ಬೆರೆಸಿದ ಮರದ ಚೂರುಗಳ ಧೂಪ) ಹೊಗೆಯನ್ನು ಬಟ್ಟೆಗೆ ಹಿಡಿಸುತ್ತಾರೆ, ಬಂದ ಅತಿಥಿಗಳ ಮುಂದೆಯೂ ಧೂಪದ ಪಾತ್ರೆಯನ್ನು ಹಿಡಿಯುತ್ತಾರೆ. ಅಲ್ಲಿ ದುಡಿದು ಬಂದ ಭಟ್ಕಳ, ಉಡುಪಿ, ಮಂಗಳೂರು ಕಡೆಯವರಿಗೆ ಇದು ಚೆನ್ನಾಗಿ ಗೊತ್ತು. ನಿಜವಾದ ಹೊಗೆಯ ಪರಿಮಳ ಬೇಕೆನ್ನುವವರಿಗೆ ಯಾವ ಬಾಟಲಿಯೂ ಕೊಡಲಾರದ ತೃಪ್ತಿಯನ್ನು ಈ ಕ್ರಮ ಕೊಡುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕಿಟಕಿ ತೆರೆದಿಟ್ಟ ಕೋಣೆಯಲ್ಲಿ, ಮಣ್ಣಿನ ಇಲ್ಲವೇ ಹಿತ್ತಾಳೆಯ ಧೂಪಾರತಿಯ ತಳಕ್ಕೆ ಸ್ವಲ್ಪ ಮರಳು ಹಾಕಿ, ಅದರ ಮೇಲೆ ಇದ್ದಿಲನ್ನು ಹೊತ್ತಿಸಿ. ಇದ್ದಿಲಿನ ಮೈಯೆಲ್ಲ ಬೂದು ಬಣ್ಣಕ್ಕೆ ತಿರುಗುವವರೆಗೆ ಏನನ್ನೂ ಹಾಕಬಾರದು, ಅದಕ್ಕೆ ಮೊದಲೇ ಹಾಕಿದರೆ ಇದ್ದಿಲಿನ ಕಟು ವಾಸನೆ ಬಟ್ಟೆಗೆ ಹತ್ತುತ್ತದೆ. ಅನಂತರ ಕಡಲೆಕಾಳಿನಷ್ಟು ಸಾಂಬ್ರಾಣಿ ಹಾಕಿ. ಅದು ಮೊದಲು ಕರಗಿ ಗುಳ್ಳೆಯೇಳುತ್ತದೆ, ಬಿಳಿಯ ಹೊಗೆ ಸಮನಾಗಿ ಮೇಲೇರುತ್ತದೆ, ಸ್ವಲ್ಪ ಹೊತ್ತಿನ ಬಳಿಕ ಅಂಟು ಕಪ್ಪಾಗಿ ಕಮಟು ವಾಸನೆ ಬರತೊಡಗುತ್ತದೆ. ಆ ಕಪ್ಪು ಉಳಿಕೆಯನ್ನು ಇಕ್ಕಳದಿಂದ ಕೂಡಲೇ ತೆಗೆದುಬಿಡಬೇಕು. ಊದ್ ಚಕ್ಕೆಗೆ ಇಷ್ಟು ಶಾಖ ಬೇಡ. ಇದ್ದಿಲಿನ ಮೇಲೆ ಅಲ್ಯೂಮಿನಿಯಂ ಹಾಳೆ ಹಾಸಿ ಅದರ ಮೇಲೆ ಚಕ್ಕೆಯನ್ನಿಟ್ಟರೆ, ಅದು ಸುಟ್ಟುಹೋಗದೆ ತನ್ನ ರಾಳವನ್ನು ಮೆಲ್ಲಗೆ ಬಿಡುತ್ತದೆ. ಧೂಪಾರತಿಯ ಮೇಲೆ ಎತ್ತರದ ಬೆತ್ತದ ಬುಟ್ಟಿಯನ್ನು ಬೋರಲು ಹಾಕಿ, ಅದರ ಮೇಲೆ ಹತ್ತಿ ಅಥವಾ ಉಣ್ಣೆಯ ಬಟ್ಟೆಯನ್ನು ಐದರಿಂದ ಹತ್ತು ನಿಮಿಷ ಹರಡಿ. ಬುಟ್ಟಿಯ ಬದಿಯಿಂದ ಯಾರೂ ಏಳಬಾರದು. ನೈಲಾನ್, ಪಾಲಿಯೆಸ್ಟರ್ ಬಟ್ಟೆಗಳನ್ನು ಕೆಂಡದ ಹತ್ತಿರ ತರಲೇಬೇಡಿ. ಹಸುಗೂಸುಗಳು, ಅಸ್ತಮಾ ಇರುವವರು ಇರುವ ಮನೆಯಲ್ಲಿ ಈ ಕೆಲಸವನ್ನು ಅಂಗಳದಲ್ಲಿ ಮಾಡಿ. ಸಾಂಬ್ರಾಣಿಯದಾದರೂ ಹೊಗೆ ಹೊಗೆಯೇ, ಶ್ವಾಸಕೋಶಕ್ಕೆ ಅದರಿಂದ ಹಿತವಿಲ್ಲ.

ರೇಷ್ಮೆ ಸೀರೆಗೆ ಅತ್ತರನ್ನು ನೇರವಾಗಿ ತಾಗಿಸಿದರೆ ಎಣ್ಣೆಯ ಕಲೆ ನಿಲ್ಲುತ್ತದೆ. ಹತ್ತಿಯ ಉಂಡೆಗೆ ಅತ್ತರು ಹಾಕಿ, ಕಾಗದದಲ್ಲಿ ಸುತ್ತಿ, ಸೀರೆಯ ಮಡಿಕೆಗೆ ತಾಗದಂತೆ ಬೀರುವಿನ ಮೂಲೆಯಲ್ಲಿಟ್ಟರೆ ಒಂದೆರಡು ದಿನಗಳಲ್ಲಿ ಹಿತವಾದ ಪರಿಮಳ ಕೂಡುತ್ತದೆ.

ಹವೆ, ಜಾಗ, ಜೊತೆಗಾರರು

ಬಿಸಿಲು ಹೆಚ್ಚಿದಷ್ಟೂ ಸಿಹಿ ಮತ್ತು ಮಸಾಲೆ ಉಬ್ಬುತ್ತವೆ. ಕಲಬುರಗಿಯ ಏಪ್ರಿಲ್‌ನಲ್ಲಾಗಲಿ ಮಂಗಳೂರಿನ ಸೆಕೆಯಲ್ಲಾಗಲಿ ಸಾಂಬ್ರಾಣಿ, ಚಕ್ಕೆ, ಊದ್‌ಗಳ ಮಿಶ್ರಣ ಬೆವರಿನೊಂದಿಗೆ ಸೇರಿ ಉಸಿರು ಕಟ್ಟಿಸುತ್ತದೆ. ಅಲ್ಲಿಗೆ ಲಾವಂಚ, ಶ್ರೀಗಂಧ, ಮೆಣಸಿನ ತೆಳು ಛಾಯೆಯ ಸುಗಂಧಗಳು ಸರಿ. ಮಡಿಕೇರಿಯ ಮಳೆಗೆ, ಚಿಕ್ಕಮಗಳೂರಿನ ಚಳಿಗೆ, ಬೆಂಗಳೂರಿನ ಡಿಸೆಂಬರ್ ಸಂಜೆಗೆ ಗಾಢವಾದವನ್ನು ತೆಗೆಯಿರಿ. ಉಣ್ಣೆಯ ಶಾಲಿನ ಮೇಲೆ ಅವು ಚೆನ್ನಾಗಿ ನಿಲ್ಲುತ್ತವೆ.

ಆಸ್ಪತ್ರೆಗೆ, ಪರೀಕ್ಷಾ ಕೊಠಡಿಗೆ, ಕಿಟಕಿ ಮುಚ್ಚಿದ ಎಸಿ ಬಸ್ಸಿನ ರಾತ್ರಿ ಪ್ರಯಾಣಕ್ಕೆ ಇವುಗಳಲ್ಲಿ ಯಾವುದೂ ಬೇಡ. ಪಕ್ಕದವರು ಎದ್ದುಹೋಗಲಾಗದ ಜಾಗದಲ್ಲಿ ನಮ್ಮ ಇಷ್ಟವನ್ನು ಅವರ ಮೇಲೆ ಹೇರುವುದು ತಪ್ಪು. ಕಚೇರಿಗಾದರೆ ಹೊರಡುವ ಒಂದು ಗಂಟೆ ಮೊದಲೇ ಹಚ್ಚಿಕೊಂಡರೆ ಆರಂಭದ ಅಬ್ಬರ ಮನೆಯಲ್ಲಿಯೇ ಕಳೆದಿರುತ್ತದೆ. ಅಂದು ಗಂಧದ ಸೋಪು, ಸುವಾಸನೆಯ ಕೂದಲೆಣ್ಣೆ, ಡಿಯೋಡರೆಂಟುಗಳಲ್ಲಿ ಒಂದನ್ನಾದರೂ ಬಿಡಿ. ಬೇರೊಂದು ಪರಿಮಳವನ್ನು ಬೆರೆಸುವ ಆಸೆಯಿದ್ದರೆ ಶ್ರೀಗಂಧದ ಮೇಲೆ ಗುಲಾಬಿ ಅತ್ತರನ್ನು ಸೋಕಿಸಿ ನೋಡಬಹುದು.

ಹೆಚ್ಚಾಗಿ ಹಚ್ಚಿಬಿಟ್ಟಿದ್ದರೆ ಬರೀ ನೀರಿನಿಂದ ತೊಳೆದು ಪ್ರಯೋಜನವಿಲ್ಲ, ಈ ಅಂಶಗಳು ನೀರಿನಲ್ಲಿ ಕರಗುವುದಿಲ್ಲ. ಆ ಜಾಗಕ್ಕೆ ಕೊಬ್ಬರಿ ಎಣ್ಣೆ ಸವರಿ, ಬಟ್ಟೆಯಿಂದ ಒರೆಸಿ, ಅನಂತರ ಸೋಪು ಹಾಕಿ ತೊಳೆಯಿರಿ.

ಬಾಟಲಿಗಳನ್ನು ಬಿಸಿಲು ಬೀಳುವ ಕಿಟಕಿಯಲ್ಲಿಯೂ ಹಬೆ ತುಂಬುವ ಬಚ್ಚಲುಮನೆಯಲ್ಲಿಯೂ ಇಡದೆ, ಬೀರುವಿನೊಳಗೆ ನೆಟ್ಟಗೆ ನಿಲ್ಲಿಸಿ. ಗಂಧ ಮತ್ತು ಊದ್ ಎಣ್ಣೆಗಳು ವರ್ಷಗಳು ಕಳೆದಂತೆ ಹದವಾಗುತ್ತವೆ, ಮೊದಲು ಕೆಡುವುದು ಕಿತ್ತಳೆ, ಮೆಣಸಿನಂಥ ಹಗುರ ಅಂಶಗಳು. ಅತ್ತರಿನ ಗಾಜಿನ ಕಡ್ಡಿಯನ್ನು ಚರ್ಮಕ್ಕೆ ಮುಟ್ಟಿಸಿದ ಮೇಲೆ ಒಣ ಹತ್ತಿಯಿಂದ ಒರೆಸಿಯೇ ಶೀಶೆಗೆ ಹಿಂದಿರುಗಿಸಿ, ಇಲ್ಲದಿದ್ದರೆ ಮೈಯ ಜಿಡ್ಡು ಮತ್ತು ಬೆವರು ಒಳಗಿನ ಎಣ್ಣೆಯನ್ನು ಕೆಡಿಸುತ್ತವೆ.