ಖಾಲಿ ಕಾಲಂ ಹೇಳಿದ ಮಾತು

ಅಮೆರಿಕ ನಿಜವಾಗಿಯೂ ಕುಸಿಯುತ್ತಿದೆಯೇ ಎಂಬುದನ್ನು ಅಂಕಿಅಂಶಗಳಿಂದಲೇ ತೀರ್ಮಾನಿಸಲು ನಾನು ಹೊರಟಾಗ, ಕಲಬುರಗಿಯ ನಮ್ಮ ಕಾಲೇಜಿನ ಹಿರಿಯ ಸಹೋದ್ಯೋಗಿಯೊಬ್ಬರು, "ಸರ್, ನಾಳಿ ತೊಗರಿ ರೇಟ್ ಏನಾಗ್ತದಂತ ಹೇಳ್ಲಿಕ್ಕಾಗಲ್ಲ, ನೀವು ಅಮೆರಿಕಾದ್ದು ಹೇಳ್ತೀರೇನ್ರಿ?" ಎಂದು ನಕ್ಕಿದ್ದರು.

ಮೊದಲ ವರ್ಷ ಅವರ ನಗೆಯೇ ಗೆದ್ದಿತು. ಸೈನಿಕರ ಸಂಖ್ಯೆ, ಸೇನಾ ವೆಚ್ಚ, ಉಕ್ಕು, ಇಂಧನ, ಜನಸಂಖ್ಯೆ, ನಗರವಾಸಿಗಳು ಎಂಬ ಆರನ್ನೂ ಕೂಡಿಸಿ ಸೂಚ್ಯಂಕ ಕಟ್ಟಿದರೆ, 1980ರ ದಶಕದಲ್ಲಿ ಅಮೆರಿಕಕ್ಕಿಂತ ಸೋವಿಯತ್ ಒಕ್ಕೂಟವೇ ಮೇಲೆ ನಿಲ್ಲುತ್ತಿತ್ತು. ಆ ದಶಕದ ಕೊನೆಯಲ್ಲಿ ಅದು ವರ್ಷಕ್ಕೆ 16 ಕೋಟಿ ಟನ್ ಉಕ್ಕು ತಯಾರಿಸುತ್ತಿತ್ತು. 1991ರಲ್ಲಿ ದೇಶವೇ ಉಳಿಯಲಿಲ್ಲ. ಆರರಲ್ಲಿ ಯಾವುದಕ್ಕೆ ಎಷ್ಟು ಮಹತ್ವ ಎಂಬ ತೂಕಗಳನ್ನು ಬದಲಿಸಿದರೆ ಬೇಕಾದ ಉತ್ತರ ಬರುತ್ತಿತ್ತು, ಅದೇ ದೊಡ್ಡ ದೋಷ. ಸಾಲದೆಂಬಂತೆ ದತ್ತಾಂಶದ ಚಂದಾಕ್ಕೆ ಸುಮಾರು 11 ಸಾವಿರ ರೂಪಾಯಿ ಸುರಿದೆ. ಅದರಲ್ಲಿದ್ದ ಬಹುಪಾಲು ವಿಶ್ವಬ್ಯಾಂಕಿನ ತಾಣದಲ್ಲಿ ಉಚಿತವಾಗಿಯೇ ಸಿಗುತ್ತದೆ.

ಆಮೇಲೆ ವಿಧಾನವನ್ನು ಪರೀಕ್ಷಿಸಲು 1980ರ ನಂತರದ ಸಾಲುಗಳನ್ನೆಲ್ಲ ಮುಚ್ಚಿಟ್ಟು, ಉತ್ತರ ಗೊತ್ತಿಲ್ಲದವನಂತೆ ಲೆಕ್ಕ ಹಾಕಿದೆ. ಸೋವಿಯತ್ ಗಂಡಸರ ಸರಾಸರಿ ಆಯುಷ್ಯ 1960ರ ದಶಕದ ನಡುವಿನ 66ರಿಂದ 62ರ ಆಸುಪಾಸಿಗೆ ಇಳಿದಿತ್ತು. ಶಿಶುಮರಣದ ಪ್ರಮಾಣ 1970ರ ದಶಕದ ಆರಂಭದಲ್ಲಿ ಏರಿ, 1974ರ ನಂತರ ಆ ಕಾಲಂ ಖಾಲಿಯಾಗಿತ್ತು. ಆ ಖಾಲಿ ಕೋಶಗಳನ್ನು ನಾನು ಹಿಂದಿನ ವರ್ಷಗಳ ಸರಾಸರಿಯಿಂದ ತುಂಬಿ, ಅಚ್ಚುಕಟ್ಟಾಯಿತೆಂದು ಹಿಗ್ಗಿದ್ದೆ! ಸೋವಿಯತ್ ಸರ್ಕಾರ ಅಂಕಿ ಪ್ರಕಟಿಸುವುದನ್ನೇ ನಿಲ್ಲಿಸಿತ್ತು. ಸಾಕ್ಷಿಯನ್ನು ನಾನೇ ಅಳಿಸಿದ್ದೆ. ತುಂಬಿದ್ದನ್ನು ತೆಗೆದು, ಖಾಲಿ ವರ್ಷಕ್ಕೂ ಕುಸಿತದ ಒಂದು ಅಂಕ ಕೊಟ್ಟ ಮೇಲೆ ಸೋವಿಯತ್ ಪತನ ಹತ್ತು ವರ್ಷ ಮೊದಲೇ ಹಾಳೆಯಲ್ಲಿ ಕಾಣಿಸಿತು. ಬ್ರಿಟನ್ನಿನ ಕಥೆ ಬೇರೆ: ವಿಶ್ವದ ಕೈಗಾರಿಕಾ ಉತ್ಪಾದನೆಯಲ್ಲಿ ಅದರ ಪಾಲು 1870ರ ಸುಮಾರಿಗೆ ಮೂರನೆಯ ಒಂದರಷ್ಟಿದ್ದದ್ದು 1913ಕ್ಕೆ ಏಳನೆಯ ಒಂದಾಯಿತು, ಆದರೆ ಉತ್ಪಾದನೆಯೂ ಆಯುಷ್ಯವೂ ಏರುತ್ತಲೇ ಇದ್ದವು. ಪಾಲು ಕರಗುವುದನ್ನೂ ದೇಶ ಕುಸಿಯುವುದನ್ನೂ ನನ್ನ ಹಾಳೆ ಬೇರ್ಪಡಿಸಿತು.

ಈ ಹುಮ್ಮಸ್ಸಿನಲ್ಲಿ, ಕುಸಿತ ಕಟ್ಟಡಗಳಲ್ಲೂ ಕಾಣುತ್ತದೆಯೇ ಎಂದು ನೋಡಲು, ಒಂದು ಭಾನುವಾರ ಟೇಪು ಹಿಡಿದು ಬೀದರಿನ ಅಷ್ಟೂರಿಗೂ ಹೋಗಿ ಬಹಮನಿ ಗೋರಿಗಳನ್ನು ಅಳೆದೆ. ಕಡೆಯ ಸುಲ್ತಾನರ ಗೋರಿಗಳು ಚಿಕ್ಕವು, ಸಾದಾ. ಆದರೆ 1490ರಲ್ಲಿ ವಿಜಯಪುರ, ಅಹಮದ್‌ನಗರಗಳು ಕೈತಪ್ಪಿದ್ದು ಮಹಮೂದ್ ಶಾಹನ ಕಾಲದಲ್ಲಿ. ಅವನ ಗೋರಿಯೋ ಭರ್ಜರಿಯಾಗಿದೆ. ಕಟ್ಟಡ ತಡವಾಗಿ ಎಚ್ಚರಿಸುತ್ತದೆಂದು ಗುರುತು ಹಾಕಿಕೊಂಡೆ.

ಇನ್ನು ಅಮೆರಿಕ. ಮಾರುಕಟ್ಟೆ ವಿನಿಮಯ ದರದಲ್ಲಿ ವಿಶ್ವದ ಒಟ್ಟು ಉತ್ಪನ್ನದಲ್ಲಿ ಅದರ ಪಾಲು 1980ರಲ್ಲೂ ಈಗಲೂ ಶೇ. 25ರ ಆಸುಪಾಸು; ದೇಶದೇಶಗಳ ಬೆಲೆ ವ್ಯತ್ಯಾಸ ಸರಿದೂಗಿಸುವ ಕೊಳ್ಳುವ ಶಕ್ತಿಯ ಲೆಕ್ಕದಲ್ಲಿ ಮಾತ್ರ ಇಳಿದಿದೆ. ಆಯುಷ್ಯ 2014ರ 78.9ರಿಂದ 2021ರಲ್ಲಿ 76.4ಕ್ಕೆ ಬಿದ್ದು, 2023ಕ್ಕೆ 78.4ಕ್ಕೆ ಮರಳಿತು. ಅಂಕಿ ಪ್ರಕಟಿಸುವುದೂ ನಿಂತಿಲ್ಲ. ಆದ್ದರಿಂದ ನನ್ನ ಹಾಳೆ ಅದನ್ನು ಬ್ರಿಟನ್ನಿನ ಸಾಲಿಗೆ ಸೇರಿಸುತ್ತದೆ, ಸೋವಿಯತ್ ಸಾಲಿಗಲ್ಲ.

ಅದೇ ಸಹೋದ್ಯೋಗಿ ಕಳೆದ ತಿಂಗಳು ಹಾಳೆಯ ಪ್ರತಿ ಕೇಳಿದರು. ಕೊಟ್ಟೆ, ಖಾಲಿ ವರ್ಷಕ್ಕೆ ಅಂಕ ಕೊಡುವ ಸೂತ್ರದ ಕಾಲಂ ಮಾತ್ರ ಮುಚ್ಚಿಟ್ಟೆ.