ಸಿಹಿನೀರಿನ ಪಾಚಿಗೆ ಸಮುದ್ರದ ಉಪ್ಪು ರೂಢಿ ಮಾಡಿಸುವುದು ಹೇಗೆ?

ಮೀನುಮರಿ ತಿನ್ನುವ ಸೂಕ್ಷ್ಮ ಜೀವಿಗಳಿಗೆ ಮೇವಾಗಲಿ ಎಂದು, ಸಿಹಿನೀರಿನ ಕ್ಲೋರೆಲ್ಲಾ ಎಂಬ ಸೂಕ್ಷ್ಮ ಹಸಿರು ಪಾಚಿಯನ್ನು ನೇರವಾಗಿ ಸಮುದ್ರದ ನೀರಿಗೆ ಸುರಿಯುತ್ತಾರೆ. ಪಾಚಿ ಬಿಳಿಚಿ ತಳಕ್ಕೆ ಕೂತರೆ 'ಬೀಜವೇ (ಬೆಳೆಸಲು ತಂದ ಮೂಲ ಪಾಚಿ) ಸರಿಯಿಲ್ಲ' ಎನ್ನುತ್ತಾರೆ. ಕಾರವಾರ, ಕುಮಟಾ ಕಡೆ ಸೀಬಾಸ್ ಮೀನಿನ ಮರಿ ಬೆಳೆಸಲು ಹೊರಟ ಹಲವರು ಹೀಗೆ ಬೀಜ ಕಳೆದುಕೊಂಡಿದ್ದನ್ನು ನೋಡಿದ್ದೇನೆ. ಕೆಟ್ಟದ್ದು ಬೀಜವಲ್ಲ, ಅವಸರ.

ಮೊದಲು ನೀರು. ಭರತದ ಹೊತ್ತಿನಲ್ಲಿ ತೆರೆದ ಸಮುದ್ರದ ಕಡೆಯಿಂದ ತನ್ನಿ. ಮಳೆಗಾಲದಲ್ಲಿ ಕಾಳಿ ನದಿಯ ಬಾಯಿಯಲ್ಲಿ ತುಂಬಿದರೆ ಉಪ್ಪೇ ಇರುವುದಿಲ್ಲ. ಸೋಸಿ, ಬ್ಲೀಚಿಂಗ್ ಹಾಕಿ, ಗಾಳಿ ಬಿಟ್ಟು, ಉಳಿದ ಕ್ಲೋರಿನ್ ಅನ್ನು ಥಯೋಸಲ್ಫೇಟ್‌ನಿಂದ ತೆಗೆಯಿರಿ. ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರ್‌ನಲ್ಲಿ ಸುಮಾರು 35 ಪಿಪಿಟಿ (ಸಾವಿರ ಭಾಗಕ್ಕೆ 35 ಭಾಗ ಉಪ್ಪು) ಬರಬೇಕು. ಸಮುದ್ರದ ನೀರಿನ ಬದಲು ಅಂಗಡಿಯ ಪ್ಯಾಕೆಟ್ ಉಪ್ಪು ಕರಗಿಸಬೇಡಿ, ಅದರಲ್ಲಿ ಅಯೋಡಿನ್ ಜೊತೆ ಗಂಟು ಕಟ್ಟದ ಹಾಗೆ ಬೆರೆಸಿದ ಪುಡಿಯೂ ಇರುತ್ತದೆ. ಸಾಣಿಕಟ್ಟಾದ ಹರಳುಪ್ಪು ಅಡುಗೆಗೆ ಚೆನ್ನ. ಆದರೆ ಪಾಚಿಗೆ ಬೇಕಾದ ಮೆಗ್ನೀಷಿಯಂ, ಕ್ಯಾಲ್ಸಿಯಂ ಸಮುದ್ರದ ನೀರಿನಲ್ಲಿದ್ದಷ್ಟು ಅದರಲ್ಲಿ ಉಳಿದಿರುವುದಿಲ್ಲ.

ಇನ್ನು ನಿಜವಾದ ಕೆಲಸ. ಹೊರಗೆ ಉಪ್ಪು ಏರಿದರೆ ಕೋಶದ ಒಳಗಿನ ನೀರು ಹೊರಗೆ ಹೋಗುತ್ತದೆ. ಪಾಚಿ ಸೋಡಿಯಂ ಹೊರಗೆ ತಳ್ಳಬೇಕು, ಪ್ರೋಲಿನ್, ಸಕ್ಕರೆಯಂಥ ವಸ್ತು ತಯಾರಿಸಿ ನೀರು ಹಿಡಿದಿಟ್ಟುಕೊಳ್ಳಬೇಕು. ಅದಕ್ಕೆ ಬೆಳಕು, ಸಾರಜನಕ, ಸಮಯ ಮೂರೂ ಬೇಕು. ಹಾಗಾಗಿ ಹಳದಿಗೆ ತಿರುಗಿದ ಹಳೆಯ ಬೀಜ ಬೇಡ. ಚುರುಕಾಗಿ ಬೆಳೆಯುತ್ತಿರುವುದನ್ನೇ ಆರಿಸಿ.

ಒಂದು ಸಲಕ್ಕೆ 2-3 ಪಿಪಿಟಿ ಮಾತ್ರ ಏರಿಸಿ. ಉದಾಹರಣೆಗೆ, 5 ಪಿಪಿಟಿಯ ಒಂದು ಲೀಟರ್ ಪಾಚಿಯನ್ನು 8ಕ್ಕೆ ತರಲು 35 ಪಿಪಿಟಿಯ ನೀರು ಸುಮಾರು 110 ಮಿಲಿ ಸಾಕು. ಆ ನೀರಿಗೆ ಮೊದಲೇ ಪೋಷಕಾಂಶ ಬೆರೆಸಿಟ್ಟುಕೊಳ್ಳಿ. ಸುಮ್ನೆ ಸುರಿಯಬೇಡಿ, ಆಸ್ಪತ್ರೆಯ ಡ್ರಿಪ್ ಸೆಟ್ ಕಟ್ಟಿ ಒಂದೆರಡು ಗಂಟೆ ಹನಿ ಹನಿಯಾಗಿ ಬಿಡಿ. ಪ್ರತಿ ಮೆಟ್ಟಿಲಲ್ಲೂ ಹಳೆಯ ಫ್ಲಾಸ್ಕ್ ಒಂದನ್ನು ಹಾಗೆಯೇ ಇಟ್ಟುಕೊಳ್ಳಿ. ಮುಂದಿನದು ಸತ್ತರೆ ಮತ್ತೆ ಸೊನ್ನೆಯಿಂದ ಶುರು ಮಾಡಬೇಕಿಲ್ಲ.

ಮುಂದಿನ ಮೆಟ್ಟಿಲು ಯಾವಾಗ? ಹೆಚ್ಚಿನವರು ಎಡವುವುದು ಇಲ್ಲೇ. ಹಸಿರು ಕಂಡ ಕೂಡಲೇ ಏರಿಸುತ್ತಾರೆ. ಸತ್ತ ಕೋಶವೂ ಒಂದೆರಡು ದಿನ ಹಸಿರಾಗಿಯೇ ಇರುತ್ತದೆ ಅಲ್ವಾ? ಬಣ್ಣ ನಂಬಬೇಡಿ, ಹೀಮೋಸೈಟೋಮೀಟರ್‌ನಲ್ಲಿ (ಸೂಕ್ಷ್ಮದರ್ಶಕದಡಿ ಕೋಶ ಎಣಿಸಲು ಗೆರೆ ಹಾಕಿದ ಗಾಜು) ಎಣಿಸಿ. ಸಂಖ್ಯೆ ಮತ್ತೆ ದ್ವಿಗುಣವಾಗುವ ತನಕ ಕಾಯಿರಿ. 15 ಪಿಪಿಟಿ ದಾಟುವಾಗ ಬೆಳವಣಿಗೆ ನಿಧಾನವಾಗಬಹುದು, ಕೋಶಗಳು ಗುಂಪುಗೂಡಬಹುದು. ಆಗ ಉಪ್ಪನ್ನು ಅಲ್ಲಿಗೇ ನಿಲ್ಲಿಸಿ. ಗಾಳಿ ಬಿಟ್ಟ ಫ್ಲಾಸ್ಕ್‌ನಲ್ಲಿ ನೀರು ಆರಿ ಉಪ್ಪು ತಾನಾಗಿ ಏರುತ್ತದೆ, ಅದಕ್ಕೇ ದಿನವೂ ಅಳೆದು, ಆರಿದಷ್ಟು ಪ್ರಮಾಣದ, ಕುದಿಸಿ ತಣಿಸಿದ ಸಿಹಿನೀರು ಸೇರಿಸಿ.

ಈ ಪಾಚಿ ತಿಂದು ಬೆಳೆದು ಮೀನುಮರಿಗೆ ಆಹಾರವಾಗುವ ಸೂಕ್ಷ್ಮ ಜೀವಿಯೇ ರೋಟಿಫರ್. ಅದರ ತೊಟ್ಟಿಯ ನೀರು 20 ಪಿಪಿಟಿ ಇದ್ದರೆ ಪಾಚಿಯನ್ನು 35ಕ್ಕೆ ಒಯ್ಯುವ ಹಠ ಬೇಡ. ತೊಟ್ಟಿಯ ಉಪ್ಪಿಗೆ ಹೊಂದಿದರೆ ಸಾಕು.

ತಿನ್ನಿಸುವಾಗ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಸಿಹಿನೀರಿನ ಕ್ಲೋರೆಲ್ಲಾದಲ್ಲಿ ಸಮುದ್ರದ ಮೀನುಮರಿಗೆ ಬೇಕಾದ ಇಪಿಎ, ಡಿಎಚ್‌ಎ ಎಂಬ ಒಮೆಗಾ-3 ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ. ಉಪ್ಪು ರೂಢಿಯಾದರೂ ಅದು ಬದಲಾಗುವುದಿಲ್ಲ. ಇದರಿಂದ ರೋಟಿಫರ್ ಸಂಖ್ಯೆ ಬೆಳೆಸಿ, ಜೊತೆಗೆ ವಿಟಮಿನ್ ಬಿ12 ಕೊಡಿ. ಮರಿಗೆ ಹಾಕುವ ಕೆಲವು ಗಂಟೆ ಮೊದಲು ಅದೇ ರೋಟಿಫರ್‌ಗೆ ನ್ಯಾನೋಕ್ಲೋರಾಪ್ಸಿಸ್ ಎಂಬ ಇನ್ನೊಂದು ಪಾಚಿ ಮತ್ತು ಡಿಎಚ್‌ಎ ಇರುವ ಎಣ್ಣೆಯ ಮಿಶ್ರಣ ತಿನ್ನಿಸಿ.