ಋತುಸಂಧಿಗೆ ರೋಸ್‌ಮೇರಿ ಜಿನ್: ನೆನೆಹಾಕುವುದರಿಂದ ಲೋಟಕ್ಕೆ ಸುರಿಯುವವರೆಗೆ

ಸೆಖೆ ಇಳಿದು ಚಳಿ ಇನ್ನೂ ಪೂರ್ತಿ ಕಾಲಿಡದ ಕೆಲವು ವಾರಗಳಿವೆಯಲ್ಲ, ಆಗ ಬೇಸಿಗೆಯ ಪಾನೀಯ ತೀರಾ ತೆಳುವೆನಿಸುತ್ತದೆ, ಚಳಿಗಾಲದ್ದು ತೀರಾ ಭಾರ. ರೋಸ್‌ಮೇರಿ ಮತ್ತು ಥೈಮ್ ನೆನೆಹಾಕಿದ ಜಿನ್‌ಗೆ ನಿಂಬೆಹುಳಿ, ಶುಂಠಿಯ ಜೇನುಪಾಕ ಕೂಡಿಸಿದರೆ ಎರಡರ ನಡುವಿನ ರುಚಿ ಸಿಗುತ್ತದೆ. ಮಾಡುವುದು ಕಷ್ಟವಲ್ಲ. ಕೆಡುವುದು ಬಹುಪಾಲು ಒಂದೇ ಕಾರಣಕ್ಕೆ: ಸೊಪ್ಪನ್ನು ಹೊತ್ತು ಮೀರಿ ನೆನೆಯಲು ಬಿಡುವುದರಿಂದ.

ಏಳು ಲೋಟಕ್ಕೆ ಬೇಕಾದದ್ದಿಷ್ಟು. ಶೇ. 40ಕ್ಕಿಂತ ಕಡಿಮೆಯಿಲ್ಲದ ಆಲ್ಕೋಹಾಲ್ ಇರುವ ಜಿನ್ 350 ಮಿ.ಲೀ., ಹತ್ತು ಸೆಂಟಿಮೀಟರ್ ಉದ್ದದ ಹಸಿ ರೋಸ್‌ಮೇರಿ ಕಡ್ಡಿ ಎರಡು, ಥೈಮ್ ಎಳೆ ನಾಲ್ಕು, ಜೇನುತುಪ್ಪ 150 ಗ್ರಾಂ, ಹಸಿಶುಂಠಿ 20 ಗ್ರಾಂ, ನಿಂಬೆರಸ 140 ಮಿ.ಲೀ., ಉಪ್ಪು, ಮತ್ತು ಧಾರಾಳ ಐಸ್. ದುಬಾರಿ ಜಿನ್ ಬೇಡ. ಹೂವು-ಹಣ್ಣಿನ ಪರಿಮಳ ಮೊದಲೇ ತುಂಬಿರುವ ಜಿನ್‌ಗಿಂತ ಲಂಡನ್ ಡ್ರೈ ಮಾದರಿಯ ಸರಳ ಜಿನ್ನೇ ಇಲ್ಲಿಗೆ ಸರಿ. ಜಿನ್‌ನ ಮೂಲ ಘಮ ಬರುವುದು ಜುನಿಪರ್ ಕಾಯಿಯಿಂದ. ಅದರಲ್ಲಿರುವ ಪೈನೀನ್ ಎಂಬ ಸುವಾಸನೆಯ ಅಂಶ ರೋಸ್‌ಮೇರಿಯಲ್ಲೂ ಇದೆ. ಎರಡೂ ಒಂದಕ್ಕೊಂದು ಅಷ್ಟು ಸಲೀಸಾಗಿ ಹೊಂದುವುದು ಅದಕ್ಕೇ. ವೋಡ್ಕಾದಲ್ಲೂ ಮಾಡಬಹುದು, ಆದರೆ ಅದರಲ್ಲಿ ಸೊಪ್ಪಿನ ಸಣ್ಣ ದೋಷವೂ ಎದ್ದು ಕಾಣುತ್ತದೆ.

ಸೊಪ್ಪು ಅಡುಗೆಗೆಂದೇ ಬೆಳೆದದ್ದಾಗಿರಲಿ. ಅಲಂಕಾರಕ್ಕೆಂದು ಬೆಳೆಸಿದ ಗಿಡಗಳಿಗೆ ತಿನ್ನಬಾರದ ಔಷಧಿ ಸಿಂಪಡಿಸಿರುವ ಸಾಧ್ಯತೆ ಉಂಟು. ಗುರುತು ಖಚಿತವಿಲ್ಲದ ಕಾಡುಸೊಪ್ಪನ್ನಂತೂ ಆಲ್ಕೋಹಾಲಿಗೆ ಹಾಕಲೇಬಾರದು. ಅದು ಪರಿಮಳವನ್ನು ಎಳೆದುಕೊಳ್ಳುವಷ್ಟೇ ಸಲೀಸಾಗಿ ವಿಷವನ್ನೂ ಎಳೆದುಕೊಳ್ಳುತ್ತದೆ. ತೊಳೆದ ಮೇಲೆ ಬಟ್ಟೆಯಲ್ಲಿ ಒತ್ತಿ ಪೂರ್ತಿ ಒಣಗಿಸಿ. ಕಪ್ಪಾದ ಎಲೆಗಳನ್ನೂ ಬುಡದ ಮರಗಟ್ಟಿದ ಭಾಗವನ್ನೂ ತೆಗೆದುಹಾಕಿ, ಒಗರು ಹೆಚ್ಚಾಗಿ ಬರುವುದು ಅಲ್ಲಿಂದ.

ಅಗಲ ಬಾಯಿಯ ಗಾಜಿನ ಜಾಡಿಗೆ ಸೊಪ್ಪನ್ನು ಇಡಿಯಾಗಿಯೇ ಹಾಕಿ ಜಿನ್ ಸುರಿಯಿರಿ. ಹೆಚ್ಚುವುದು, ಜಜ್ಜುವುದು ಬೇಡ. ಎಣ್ಣೆಯ ಅಂಶ ಎಲೆಯ ಮೇಲ್ಮೈಯಲ್ಲೇ ಇರುವುದರಿಂದ ಆಲ್ಕೋಹಾಲ್ ಅದನ್ನು ತಾನಾಗಿಯೇ ಕರಗಿಸಿಕೊಳ್ಳುತ್ತದೆ. ಜಜ್ಜಿದರೆ ಒಳಗಿನ ಹಸಿರು ನೀರು, ಕಹಿ ಎಲ್ಲವೂ ಜೊತೆಗೆ ಇಳಿಯುತ್ತವೆ. ಎಲೆಗಳು ಪೂರ್ತಿ ಮುಳುಗಿರಬೇಕು, ಮೇಲೆ ತೇಲಿ ಗಾಳಿಗೆ ತಾಗಿದ್ದು ಕಂದು ತಿರುಗುತ್ತದೆ. ಮುಚ್ಚಳ ಬಿಗಿದು ಬೆಳಕು ಬೀಳದ ಕಡೆ, ಮನೆಯೊಳಗಿನ ಮಾಮೂಲಿ ಉಷ್ಣತೆಯಲ್ಲಿ ಇಡಿ. ಬೇಗ ಆಗಲೆಂದು ಒಲೆಯ ಮೇಲೆ ಬಿಸಿ ಮಾಡಲು ಹೋಗಬೇಡಿ. ಶೇ. 40ರ ಮದ್ಯದಿಂದ ಏಳುವ ಆವಿ ಸುಮಾರು 26 ಡಿಗ್ರಿ ಸೆಲ್ಸಿಯಸ್‌ನಲ್ಲೇ ಬೆಂಕಿ ತಾಗಿದರೆ ಹೊತ್ತಿಕೊಳ್ಳಬಲ್ಲದು.

ಇನ್ನು ಹೊತ್ತಿನ ಲೆಕ್ಕ. ಮೊದಲ ಕೆಲವು ಗಂಟೆಗಳಲ್ಲಿ ಇಳಿಯುವುದು ಹೆಚ್ಚಾಗಿ ಹಗುರವಾದ ಸುವಾಸನೆ. ಕಹಿ, ಒಗರು ನಿಧಾನವಾಗಿ ಹಿಂದೆ ಬರುತ್ತವೆ. ರೋಸ್‌ಮೇರಿಯಲ್ಲಿ ಕರ್ಪೂರದ ಅಂಶವೂ ನೀಲಗಿರಿ ಎಣ್ಣೆಯಲ್ಲಿರುವ ಸಿನಿಯೋಲ್ ಕೂಡ ಇದೆ. ಅತಿಯಾದರೆ ಲೋಟದಿಂದ ನೋವಿನ ಮುಲಾಮಿನ ವಾಸನೆ ಬರತೊಡಗುತ್ತದೆ. ಆದ್ದರಿಂದ ನಾಲ್ಕನೇ ಗಂಟೆಗೆ ಮೊದಲ ರುಚಿ ನೋಡಿ, ಆಮೇಲೆ ಎರಡೆರಡು ಗಂಟೆಗೊಮ್ಮೆ. ನೇರ ಜಿನ್ ನಾಲಿಗೆಯನ್ನು ಮರಗಟ್ಟಿಸುತ್ತದೆ, ಹಾಗಾಗಿ ಅರ್ಧ ಚಮಚ ಜಿನ್‌ಗೆ ಅಷ್ಟೇ ನೀರು ಬೆರೆಸಿ ಸವಿಯಿರಿ. ಸಾಮಾನ್ಯವಾಗಿ ಆರರಿಂದ ಹನ್ನೆರಡು ಗಂಟೆಯೊಳಗೆ ಹದ ಬರುತ್ತದೆ. ಘಮ ಮೂಗಿಗೆ ಮೊದಲು ಬಂದು ಜಿನ್ ಆಮೇಲೆ ತಿಳಿಯುವಂತಿದ್ದರೆ ಸಾಕು, ರೋಸ್‌ಮೇರಿಯನ್ನು ಆ ಕ್ಷಣವೇ ಹೊರತೆಗೆಯಿರಿ. ಥೈಮ್ ಇನ್ನೆರಡು ಗಂಟೆ ಇದ್ದರೂ ತೊಂದರೆಯಿಲ್ಲ. ಮಲಗುವ ಮುನ್ನ ಹಾಕಿ ಬೆಳಿಗ್ಗೆ ನೋಡುವ ಅಂದಾಜು ಬಿಡಿ. ಎದ್ದಿದ್ದು ರುಚಿ ನೋಡಲು ಆಗುವಾಗಲೇ ಹಾಕಿ.

ಒಣ ಸೊಪ್ಪಾದರೆ ಮೂರನೇ ಒಂದು ಪಾಲು ಸಾಕು, ಮೊದಲ ರುಚಿಯನ್ನು ಒಂದೇ ಗಂಟೆಗೆ ನೋಡಬೇಕು. ಅದರ ಸ್ವಾದದಲ್ಲಿ ಒಣಹುಲ್ಲಿನ ಛಾಯೆ ಇರುತ್ತದೆ, ಹಸಿಯದು ಸಿಗುವುದಾದರೆ ಅದೇ ಇರಲಿ.

ಮೊದಲು ಜರಡಿಯಲ್ಲಿ, ಆಮೇಲೆ ಕಾಫಿ ಸೋಸುವ ಕಾಗದದಲ್ಲಿ ಸೋಸಿ. ಸೊಪ್ಪನ್ನು ಹಿಂಡಬೇಡಿ. ಬಣ್ಣ ತೆಳು ಹಸಿರಾಗಿರುತ್ತದೆ, ಏಕೆಂದರೆ ಎಲೆಯ ಪತ್ರಹರಿತ್ತು ಆಲ್ಕೋಹಾಲಿನಲ್ಲಿ ಕರಗುತ್ತದೆ. ಬೆಳಕಿಗೆ ಅಥವಾ ನಿಂಬೆಯ ಹುಳಿಗೆ ಅದು ಮಾಸಿದ ಕಂದುಹಸಿರಾದರೆ ಗಾಬರಿ ಬೇಡ, ರುಚಿ ಕೆಟ್ಟಿರುವುದಿಲ್ಲ.

ಪಾಕಕ್ಕೆ ಶುಂಠಿಯನ್ನು ತೆಳ್ಳಗೆ ಹೆಚ್ಚಿ, 120 ಮಿ.ಲೀ. ನೀರಿನಲ್ಲಿ ಮುಚ್ಚಿಟ್ಟು ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿ, ಸೋಸಿ. 75 ಮಿ.ಲೀ.ಗಿಂತ ಕಡಿಮೆಯಾಗಿದ್ದರೆ ಬಿಸಿನೀರು ಸೇರಿಸಿ, ಹೆಚ್ಚಿದ್ದರೆ 75 ಮಿ.ಲೀ. ಮಾತ್ರ ತೆಗೆದುಕೊಳ್ಳಿ. ಹಬೆ ಇಳಿದ ಮೇಲೆ ಜೇನು ಹಾಕಿ ಕದಡಿ. ಜೇನನ್ನು ಕುದಿಸಿದರೆ ಅದರದೇ ಪರಿಮಳ ಹಾರಿಹೋಗಿ ಬರೀ ಸಿಹಿ ಉಳಿಯುತ್ತದೆ. ನೀರು ಬೆರೆಸದೆ ನೇರ ಜೇನನ್ನೇ ಬಳಸಿದರೂ ಆಗದು. ಐಸ್ ತಾಗಿದೊಡನೆ ಗಟ್ಟಿಯಾಗಿ ತಳಕ್ಕೆ ಅಂಟುತ್ತದೆ, ಪಾನೀಯ ಹುಳಿಯಾಗಿಯೇ ಉಳಿಯುತ್ತದೆ.

ಒಂದು ಲೋಟಕ್ಕೆ ಸೊಪ್ಪಿನ ಜಿನ್ 50 ಮಿ.ಲೀ., ಆಗಷ್ಟೇ ಹಿಂಡಿದ ನಿಂಬೆರಸ 20 ಮಿ.ಲೀ., ಪಾಕ 20 ಮಿ.ಲೀ., ಒಂದೆರಡು ಹರಳು ಉಪ್ಪು. ಅಳತೆ ಲೋಟದಲ್ಲೇ ಅಳೆಯಿರಿ, 5 ಮಿ.ಲೀ. ಏರುಪೇರಾದರೂ ಹುಳಿ-ಸಿಹಿಯ ಸಮತೋಲ ತಪ್ಪುತ್ತದೆ. ನಿಂಬೆಯ ಸಿಪ್ಪೆ ನುಜ್ಜಾಗುವಷ್ಟು ಹಿಂಡಬಾರದು. ಶೇಕರ್‌ನ ಮುಕ್ಕಾಲು ಭಾಗ ಐಸ್ ತುಂಬಿ ಹನ್ನೆರಡರಿಂದ ಹದಿನೈದು ಸೆಕೆಂಡು ಜೋರಾಗಿ ಕುಲುಕಿ. ಫ್ರೀಜರ್‌ನಿಂದ ಆಗಷ್ಟೇ ತೆಗೆದ ದೊಡ್ಡ ತುಂಡುಗಳೇ ಬೇಕು. ಕರಗಲು ಶುರುವಾದ ಐಸ್ ತಣ್ಣಗಾಗಿಸುವ ಮೊದಲೇ ನೀರು ಬಿಡುತ್ತದೆ. ಹಾಗೆಂದು ಕುಲುಕುವುದನ್ನು ಅರ್ಧಕ್ಕೆ ನಿಲ್ಲಿಸಿದರೆ ಖಾರವಾದ, ಬಿಡಿಬಿಡಿಯಾದ ಪಾನೀಯ ಸಿಗುತ್ತದೆ. ಕರಗುವ ಸುಮಾರು 30 ಮಿ.ಲೀ. ನೀರೂ ಇದರ ಒಂದು ಭಾಗವೇ. ಶೇಕರ್ ಇಲ್ಲದಿದ್ದರೆ ಬಿಗಿ ಮುಚ್ಚಳದ ಸ್ಟೀಲ್ ಬಾಟಲಿ ನಡೆಯುತ್ತದೆ.

ಸಣ್ಣ ಕಣ್ಣಿನ ಜರಡಿಯಿಂದ ತಣ್ಣಗಿನ ಲೋಟಕ್ಕೆ ಸೋಸಿ. ರೋಸ್‌ಮೇರಿಯ ಪುಟ್ಟ ತುದಿಯೊಂದನ್ನು ಎರಡು ಅಂಗೈಗಳ ನಡುವೆ ಒಮ್ಮೆ ತಟ್ಟಿ ಅಂಚಿಗೆ ಇಡಿ. ಕುಡಿಯುವಾಗ ಮೂಗಿನ ಹತ್ತಿರವೇ ಇರುವ ಇದು ಒಳಗಿನ ಸೊಪ್ಪಿಗಿಂತಲೂ ಹೆಚ್ಚು ಕೆಲಸ ಮಾಡುತ್ತದೆ, ಬಿಡಬೇಡಿ.

ಕಹಿಯಾಯಿತೆಂದು ಪಾಕ ಹೆಚ್ಚಿಸುವವರು ಬಹಳ. ಅದರಿಂದ ಸಿಹಿ ಏರುತ್ತದೆಯೇ ಹೊರತು ಒಗರು ಹೋಗುವುದಿಲ್ಲ. ಜಿನ್‌ಗೆ ಅಷ್ಟೇ ಪ್ರಮಾಣದ ಸಾದಾ ಜಿನ್ ಬೆರೆಸಿ ತೆಳುಗೊಳಿಸುವುದೊಂದೇ ನಿಜವಾದ ದಾರಿ. ಕಹಿ ಅಲ್ಪವಾಗಿದ್ದರೆ ಇನ್ನೊಂದು ಹರಳು ಉಪ್ಪು ಅದನ್ನು ತಗ್ಗಿಸುತ್ತದೆ. ಘಮ ಸಾಲದಿದ್ದರೆ ಹಳೆಯ ಸೊಪ್ಪನ್ನೇ ಇನ್ನಷ್ಟು ಹೊತ್ತು ಬಿಡುವ ಬದಲು ತೆಗೆದು, ಹೊಸದನ್ನು ಎರಡು ಗಂಟೆ ಹಾಕಿ. ನೀರು ಬಿದ್ದಾಗ ಜಿನ್ ಮಬ್ಬಾದರೆ ಕರಗಿದ್ದ ಎಣ್ಣೆ ಬೇರ್ಪಟ್ಟಿದೆ ಎಂದರ್ಥ, ಅಪಾಯವಿಲ್ಲ.

ಚಳಿ ಮುಗಿದು ಸೆಖೆ ಶುರುವಾಗುವ ಹೊತ್ತಿಗೆ ಕಾಮಕಸ್ತೂರಿ ಅಥವಾ ಪುದೀನ ಒಳ್ಳೆಯದು. 350 ಮಿ.ಲೀ.ಗೆ ದಂಟು ಬಿಡಿಸಿದ ಎಲೆ 20 ಗ್ರಾಂ. ಇಂಥ ಮೆತ್ತನೆಯ ಎಲೆಗೆ ಒಂದರಿಂದ ಮೂರು ಗಂಟೆ ಸಾಕೇ ಸಾಕು, ಅದು ಮೀರಿದರೆ ಬೇಯಿಸಿದ ಸೊಪ್ಪಿನ ರುಚಿ ಬರುತ್ತದೆ. ಜೇನುಪಾಕದ ಬದಲು ಸಕ್ಕರೆ-ನೀರು ಸಮತೂಕದ ಪಾಕ 25 ಮಿ.ಲೀ. ಹಾಕಿ, ಲೋಟಕ್ಕೆ ಸೋಸಿದ ನಂತರ 60 ಮಿ.ಲೀ. ಸೋಡಾ ಸುರಿಯಿರಿ. ಸೋಡಾವನ್ನು ಶೇಕರ್‌ಗೆ ಹಾಕಿ ಕುಲುಕಿದರೆ ಒತ್ತಡಕ್ಕೆ ಮುಚ್ಚಳ ಹಾರುತ್ತದೆ.

ರೋಸ್‌ಮೇರಿಯ ಈ ಒಂದು ಲೋಟದಲ್ಲಿ ಸುಮಾರು 16 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ, ಜೇನು ಮತ್ತು ಹುಳಿ ಅದನ್ನು ಮರೆಮಾಡುತ್ತವೆ. ವಾಹನ ಓಡಿಸುವವರಿಗೆ, ಗರ್ಭಿಣಿಯರಿಗೆ, ಮದ್ಯದ ಜೊತೆ ಸೇರಬಾರದ ಔಷಧಿ ತೆಗೆದುಕೊಳ್ಳುತ್ತಿರುವವರಿಗೆ ಇದು ಬೇಡ. ಅವರಿಗಾಗಿ ಸೊಪ್ಪನ್ನು ಪಾಕಕ್ಕೇ ಹಾಕಬಹುದು: ಶುಂಠಿನೀರು ಒಲೆಯಿಂದ ಇಳಿಸಿದೊಡನೆ ಒಂದು ಕಡ್ಡಿ ರೋಸ್‌ಮೇರಿ ಹಾಕಿ, ಘಮ ಹಬೆಯೊಂದಿಗೆ ಹಾರದಂತೆ ಮುಚ್ಚಿ ಇಪ್ಪತ್ತು ನಿಮಿಷ ಬಿಡಿ. ಸೋಸಿ ಜೇನು ಬೆರೆಸಿದ ಆ ಪಾಕ 30 ಮಿ.ಲೀ., ನಿಂಬೆರಸ 20 ಮಿ.ಲೀ., ಸೋಡಾ 120 ಮಿ.ಲೀ.

ಸೋಸಿದ ಜಿನ್ ತುಂಬಿದ ಬಾಟಲಿಯಲ್ಲಿ, ಕತ್ತಲಲ್ಲಿ ಒಂದೆರಡು ತಿಂಗಳು ಚೆನ್ನಾಗಿರುತ್ತದೆ. ಕಾಮಕಸ್ತೂರಿಯದನ್ನು ಫ್ರಿಜ್‌ನಲ್ಲಿಟ್ಟು ವಾರದೊಳಗೆ ಮುಗಿಸಿ. ಪಾಕ ಫ್ರಿಜ್‌ನಲ್ಲಿ ಎರಡು ವಾರ ಬಾಳುತ್ತದೆ. ಮೇಲೆ ನೊರೆ ಕಂಡರೆ, ಹುಳಿ ವಾಸನೆ ಬಂದರೆ ಚೆಲ್ಲಿಬಿಡಿ.